ಹಳ್ಳ ಹಿಡಿದ ಹೆಸರು

ನಮ್ಮೂರಿನಲ್ಲಿ ಅಡ್ಡಹೆಸರನ್ನು ಯಾರೂ ಇಟ್ಟುಕೊಳ್ಳುವುದಿಲ್ಲ, ಅದು ಬಾಗಿಲಿಗೆ ತಾನಾಗಿಯೇ ಬರುತ್ತದೆ. ತಲೆಬಾಗಿಲ ಮೇಲಿನ ಸಾಗವಾನಿ ಪಟ್ಟಿಯಲ್ಲಿ ಬೆಳಗಿನ ಹೊತ್ತು ಅಕ್ಷರ ಮೂಡುತ್ತವೆ. ಮನೆಯವರ ರೀತಿ ಬದಲಾದರೆ ಹಳೆಯವು ಅಳಿದು ಹೊಸವು ಮೂಡುತ್ತವೆ. ಉಳ್ಳಾಗಡ್ಡಿ ಮಾರುವವನು ಕೊನೆತನಕ ಉಳ್ಳಾಗಡ್ಡಿಯಾಗಿಯೇ ಉಳಿದರೆ ಅವನ ಪುಣ್ಯ. ಹೆಂಡತಿಯ ಸಂಗಡ ಜಗಳ ಹೆಚ್ಚಾದರೆ ಒಂದು ಮುಂಜಾನೆ ಮೆಣಸಿನಕಾಯಿಯಾಗಿ ಎದ್ದಿರುತ್ತಾನೆ. ಅದಕ್ಕೇ ನಮ್ಮಲ್ಲಿ ಲಗ್ನಪತ್ರಿಕೆ ಅಚ್ಚು ಹಾಕಿಸುವವರು ಅಡ್ಡಹೆಸರಿನ ಜಾಗ ಖಾಲಿ ಬಿಟ್ಟಿರುತ್ತಾರೆ. ಹಂಚುವ ದಿನ ಬಾಗಿಲು ನೋಡಿಕೊಂಡು ಪೆನ್ನಿನಿಂದ ತುಂಬುತ್ತಾರೆ. ಟಪಾಲಿನವನು ಹೆಸರು ಓದಿ ಮನೆ ಹುಡುಕುವುದನ್ನು ಬಿಟ್ಟು ಬಹಳ ಕಾಲವಾಯಿತು. ಅವನು ಮುಖ ನೋಡಿಯೇ ಕಾಗದ ಕೊಡುತ್ತಾನೆ.

ನನ್ನ ಬಾಗಿಲ ಮೇಲೆ 'ಹಣಿಕಿ' ಎಂದಿದೆ. ನಾನು ಟೇಲರ್. ಬೆಳಕು ಚೆನ್ನಾಗಿ ಬರಲಿ ಎಂದು ಹೊಲಿಗೆ ಮಷೀನನ್ನು ಕಿಟಕಿಗೆ ಹಚ್ಚಿ ಇಟ್ಟುಕೊಂಡಿದ್ದೇನೆ, ಅಷ್ಟೇ. ಆದರೆ ಇಣುಕಿ ನೋಡುವುದಕ್ಕೆ ನಮ್ಮ ಕಡೆ ಹಣಿಕಿ ಹಾಕುವುದು ಎನ್ನುತ್ತಾರೆ. ಬಾಗಿಲಿನ ಜೊತೆ ಯಾರು ವಾದ ಮಾಡುತ್ತಾರೆ? ನನ್ನ ಕಿಟಕಿಯ ಎದುರಿಗೆ ಮುರಿಗೆಪ್ಪನ ಮನೆ, ಅದರ ಮುಂಭಾಗದಲ್ಲಿ ಅವನ ಖಾನಾವಳಿ. ನನ್ನ ಮಾಳಿಗೆ ಹತ್ತಿದರೆ ಅವನ ಹಿತ್ತಿಲು, ಹಿತ್ತಿಲ ಆಚೆಗಿನ ಹಳ್ಳ, ಎಲ್ಲವೂ ಕಾಣುತ್ತವೆ. ಹಾಗಾಗಿ ಮುಂದೆ ಹೇಳುವುದು ಕೇಳಿದ ಮಾತಲ್ಲ, ಕಂಡದ್ದು.

ಮುರಿಗೆಪ್ಪನ ಮನೆತನದ ಹೆಸರು 'ತುಪ್ಪದ'. ಅವನ ಅಜ್ಜನ ಕಾಲದಿಂದಲೂ ಆ ಪಟ್ಟಿಯ ಅಕ್ಷರ ಕದಲಿರಲಿಲ್ಲ. ಬಿಸಿ ರೊಟ್ಟಿಯ ಮೇಲೆ ಆ ಮನೆಯ ತುಪ್ಪ ಬಿದ್ದರೆ ಪಕ್ಕದ ಓಣಿಯವರಿಗೂ ಹಸಿವಾಗುತ್ತಿತ್ತು. ಮುರಿಗೆಪ್ಪ ಯಾವ ಮಾತನ್ನೇ ಆಡಲಿ, "ನಾವು ತುಪ್ಪದವರು" ಎಂದೇ ಶುರು ಮಾಡುತ್ತಿದ್ದ. ತುಪ್ಪದವರು ಸಾಲಿನಲ್ಲಿ ನಿಲ್ಲುವುದಿಲ್ಲ, ತುಪ್ಪದವರು ಸಣ್ಣ ಸಂತೆಗೆ ಹೋಗುವುದಿಲ್ಲ, ಹೀಗೆ. ಆದರೆ ಖಾನಾವಳಿಯ ಮುಸುರೆ, ಕರಿದು ಕಪ್ಪಾದ ಎಣ್ಣೆ, ಪ್ಲಾಸ್ಟಿಕ್ ಚೀಲ, ಥರ್ಮಾಕೋಲ್ ತಟ್ಟೆ ಇವೆಲ್ಲ ಹಿಂಬಾಗಿಲಿನಿಂದ ಸೀದಾ ಹಳ್ಳಕ್ಕೆ ಹೋಗುತ್ತಿದ್ದವು. ಅದರ ಬಗ್ಗೆ ತುಪ್ಪದವರು ಏನೂ ಹೇಳುತ್ತಿರಲಿಲ್ಲ.

ಅವನೊಬ್ಬನನ್ನೇ ಅಂದರೆ ಪಾಪ ತಟ್ಟೀತು. ಹಳ್ಳಕ್ಕೆ ಒಗೆಯದ ಮನೆ ಊರಲ್ಲಿ ಇರಲಿಲ್ಲ. ಪುರಸಭೆಯವರು ರೋಸಿಹೋಗಿ ಹಳ್ಳದ ದಂಡೆಯ ಓಣಿಯಲ್ಲಿ ದೊಡ್ಡ ಬೋರ್ಡು ನೆಟ್ಟರು: ಇಲ್ಲಿ ಕಸ ಒಗೆಯುವವರು ಕತ್ತೆಗಳು. ಮರುದಿನ ಬೆಳಗಾಗುವಷ್ಟರಲ್ಲಿ ಆ ಓಣಿಯ ಬಾಗಿಲುಗಳ ಮೇಲೆಲ್ಲ 'ಕತ್ತಿ' ಎಂದು ಮೂಡಿತ್ತು. ನಮ್ಮ ಮಾತಿನಲ್ಲಿ ಕತ್ತೆಗೆ ಕತ್ತಿ ಎಂದೇ ಅನ್ನುವುದು, ಬಾಗಿಲೂ ಈ ಊರಿನದೇ ತಾನೇ. ಓಣಿಯ ಗಂಡಸರು ಜಾಣರು, ಇದು ಯುದ್ಧದ ಕತ್ತಿ ಎಂದು ಹೇಳಿಕೊಂಡು ಮೀಸೆ ಬಿಟ್ಟರು. ಹೆಂಗಸರು ಇನ್ನೂ ಜಾಣರು. ಹೆಂಗೂ ಕತ್ತಿ ಆದೆವಲ್ಲ, ಇನ್ನು ಮುಚ್ಚಿಡುವುದೇನು ಎಂದು ಹಗಲಲ್ಲೇ ಬುಟ್ಟಿ ಹೊತ್ತು ಬಂದು ಒಗೆಯತೊಡಗಿದರು. ಬೋರ್ಡಿನ ಬುಡದಲ್ಲಿ ಎದ್ದ ಗುಡ್ಡೆ ಬೋರ್ಡನ್ನೇ ಮುಚ್ಚಿತು.

ಮುರಿಗೆಪ್ಪ ಈ ಕಥೆ ಹೇಳಿ ಹೇಳಿ ನಗುತ್ತಿದ್ದ. ನಗುತ್ತಿದ್ದವನು ಒಂದು ಮುಂಜಾನೆ ಹಲ್ಲುಜ್ಜುತ್ತಾ ಹೊರಗೆ ಬಂದು ತಲೆ ಎತ್ತಿದ. ಪಟ್ಟಿಯ ಮೇಲೆ 'ಗಟಾರದ' ಎಂದಿತ್ತು.

ಮೊದಲು ಅವನು ಸುಣ್ಣ ಬಳಿದ. ಸುಣ್ಣ ಒಣಗುತ್ತಲೇ ಅಕ್ಷರ ಮೇಲೆದ್ದು ಬಂದವು. ಮಾವಿನ ತೋರಣ ಕಟ್ಟಿದ. ಸಂಜೆಗೆ ಎಲೆಗಳು ಸುರುಳಿ ಸುತ್ತಿಕೊಂಡು ಹೆಸರಿಗೆ ಜಾಗ ಬಿಟ್ಟವು. ಕೊನೆಗೆ ಕಂಚುಗಾರನಿಂದ 'ತುಪ್ಪದ' ಎಂದು ಕೊರೆಸಿದ ಹಿತ್ತಾಳೆ ಫಲಕ ತರಿಸಿ ಮೊಳೆ ಹೊಡೆದ. ಮರುದಿನ ಆ ಫಲಕವೇ 'ಗಟಾರದ' ಆಗಿ ಬಿಸಿಲಿಗೆ ಥಳಥಳ ಹೊಳೆಯಿತು. ದೂರದಿಂದಲೂ ಚೆನ್ನಾಗಿ ಕಾಣುತ್ತಿತ್ತು, ನಾನು ಹಣಿಕಿ ಹಾಕುವ ಅಗತ್ಯವೇ ಬೀಳಲಿಲ್ಲ.

ಅವಮಾನ ನುಂಗಿಕೊಂಡು ಮುರಿಗೆಪ್ಪ ಹೇಗೋ ಇರುತ್ತಿದ್ದನೇನೋ. ಅವನ ತಾಯಿ ತೋಟವ್ವ ಬಿಡಬೇಕಲ್ಲ. ಇಲ್ಲಿ ನಮ್ಮೂರ ಇನ್ನೊಂದು ಪದ್ಧತಿ ಹೇಳಬೇಕು. ಯಾರಾದರೂ ತೀರಿಕೊಂಡರೆ ಹೊಸ್ತಿಲು ದಾಟಿಸುವಾಗ ಹಿರಿಮಗ ಬಾಗಿಲ ಮೇಲಿನ ಹೆಸರು ಓದಿ, ಸತ್ತವರ ಹೆಸರು ಕೂಡಿಸಿ, ಓಣಿಗೆಲ್ಲ ಕೇಳುವಂತೆ ಕೂಗಬೇಕು. ಬದುಕಿದ್ದಾಗ ಜನ ಏನೇ ಅಂದಿರಲಿ, ಆ ಕೂಗಿನಲ್ಲಿ ಬಂದದ್ದೇ ಮನುಷ್ಯನ ಕೊನೆಯ ಹೆಸರು. ತೋಟವ್ವ ಬಹಳ ವಯಸ್ಸಾದ ಹೆಂಗಸು. ಸಾಯುವುದಕ್ಕೆ ಎಲ್ಲ ತಯಾರಿ ಮಾಡಿಕೊಂಡು ಕೂತಿದ್ದಳು. ಉಡಿಸಬೇಕಾದ ಇಳಕಲ್ ಸೀರೆ ಎತ್ತಿಟ್ಟಿದ್ದಳು, ಬಂಗಾರವನ್ನು ಹೆಣ್ಣುಮಕ್ಕಳಿಗೆ ಹಂಚಿದ್ದಳು, ಯಾರು ಅಳಬೇಕು, ಯಾರು ಅತ್ತರೆ ಬೇಡ ಅನ್ನಬೇಕು ಎಂಬುದನ್ನೂ ಹೇಳಿಟ್ಟಿದ್ದಳು. ಹೆಸರು ಬದಲಾದ ದಿನ ಆಕೆ ಮಗನನ್ನು ಕರೆದಳು.

"ತುಪ್ಪದ ತೋಟವ್ವ ಅನಿಸಿಕೊಂಡು ಈ ಮನಿ ಹೊಕ್ಕೀನಿ. ಗಟಾರದ ತೋಟವ್ವ ಅನಿಸಿಕೊಂಡು ಹೊರಗ ಹೋಗಾಂಗಿಲ್ಲ. ನಾ ಸಾಯೂದನ್ನ ಮುಂದಕ್ಕ ಹಾಕೀನಿ. ಹೆಸರು ನೆಟ್ಟಗ ಮಾಡು, ಆಮ್ಯಾಲ ಹೇಳು."

ಅಷ್ಟು ಹೇಳಿ, ಆ ಹೆಸರಿನ ಕೆಳಗೆ ಓಡಾಡುವುದಿಲ್ಲವೆಂದು ಹಟ ಹಿಡಿದು, ಚಾಪೆ ಎತ್ತಿಕೊಂಡು ಹಿಂಬಾಗಿಲ ಕಟ್ಟೆಗೆ ಹೋಗಿ ಕೂತುಬಿಟ್ಟಳು. ಆ ಕಟ್ಟೆಯ ಮೇಲೆ ಆಕೆ ಕೂತು ಎಷ್ಟು ಕಾಲವಾಗಿತ್ತೋ. ಮದುವೆಯಾಗಿ ಬಂದ ಹೊಸತರಲ್ಲಿ ತುಪ್ಪದ ಕೊಡಗಳನ್ನು ಬೂದಿ ಹಚ್ಚಿ ತಿಕ್ಕಿ ಅದೇ ಹಳ್ಳದಲ್ಲಿ ತೊಳೆಯುತ್ತಿದ್ದಳಂತೆ. ತಿರುವಿನಲ್ಲಿ ನೀರು ಎಷ್ಟು ತಿಳಿಯಾಗಿತ್ತೆಂದರೆ ಜಾರಿಬಿದ್ದ ಮೂಗುಬೊಟ್ಟು ದಂಡೆಯ ಮೇಲಿನಿಂದಲೇ ಕಾಣುತ್ತಿತ್ತಂತೆ. ಈಗ ನೋಡಿದರೆ ಮಗನ ಖಾನಾವಳಿಯ ಪೈಪಿನಿಂದ ಕಪ್ಪು ನೀರು ತೊಟ್ಟಿಕ್ಕುತ್ತಿತ್ತು, ಅದರ ಮೇಲೆ ಪ್ಲಾಸ್ಟಿಕ್ ಚೀಲಗಳು ಹೊಟ್ಟೆ ಉಬ್ಬಿಸಿಕೊಂಡು ತೇಲುತ್ತಿದ್ದವು. ತೋಟವ್ವ ಆ ದಿನ ಉಣ್ಣಲಿಲ್ಲ. ನಾನೂ ಮಾಳಿಗೆಯ ಮೇಲೆ ಹೆಚ್ಚು ಹೊತ್ತು ನಿಲ್ಲದೆ ಕೆಳಗಿಳಿದೆ, ಯಾಕೆಂದರೆ ಆ ಚೀಲಗಳಲ್ಲಿ ನನ್ನ ಅಂಗಡಿಯವೂ ಇದ್ದವು.

ಮುರಿಗೆಪ್ಪ ಮಾತ್ರ ಕತ್ತಿ ಓಣಿಯವರ ಹಾದಿಯನ್ನೇ ಹಿಡಿದ. ಗಟಾರದವ ಎಂದ ಮೇಲೆ ಗಟಾರಕ್ಕೆ ಹಾಕಿದರೆ ಏನು ತಪ್ಪು ಎಂದು ಸಿಟ್ಟಿನಿಂದ ಇನ್ನಷ್ಟು ಸುರಿದ. ಹಿತ್ತಾಳೆಯ ಮೇಲಿನ ಅಕ್ಷರ ಇನ್ನಷ್ಟು ಆಳವಾದವು.

ತೋಟವ್ವ ಕಟ್ಟೆಯ ಮೇಲೆ ಸುಮ್ಮನೆ ಕೂಡುವ ಪೈಕಿಯಲ್ಲ. ಹಿತ್ತಿಲ ಆಚೆ ಹಳ್ಳದ ಗುಂಟ ಕಾಲುದಾರಿ ಇದೆ. ಮೊಸರು ಮಾರುವ ಕಾಶವ್ವನಿಂದ ಹಿಡಿದು ಎಮ್ಮೆ ಹೊಡೆದುಕೊಂಡು ಹೋಗುವವರ ತನಕ ಎಲ್ಲರೂ ಅಲ್ಲಿಯೇ ಹಾಯುತ್ತಾರೆ. ಆಕೆ ಒಬ್ಬೊಬ್ಬರನ್ನೇ ನಿಲ್ಲಿಸಿ, ಎಲೆ ಅಡಿಕೆ ಕೊಟ್ಟು, ಒಂದೇ ಮಾತು ಹೇಳತೊಡಗಿದಳು. ಹಳ್ಳದ ಉಸಾಬರಿ ಈಗ ತನ್ನ ಮಗನದು, ಅವನು ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾನೆ, ಯಾರಾದರೂ ಹೊಲಸು ಮಾಡಿದರೆ ಅವನಿಗೆ ತಿಳಿಸಿ, ಸುಮ್ಮನೆ ಬಿಡುವವನಲ್ಲ. ಹಸಿ ಸುಳ್ಳು. ಹೇಳುವಾಗ ಆಕೆಯ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ.

ಒಂದು ದಿನ ಊಟದ ಹೊತ್ತಿನಲ್ಲಿ ಕಾಶವ್ವ ಖಾನಾವಳಿಯ ಮುಂದೆ ಬಂದು ನಿಂತಳು.

"ಹಳ್ಳದ ಮುರಿಗೆಪ್ಪನೋರು ಅದಾರೇನ್ರಿ? ಆ ಯಮನೂರಪ್ಪ ಮತ್ತ ಬಾಳಿದಿಂಡು ಹೊತಗೊಂಡು ಹಳ್ಳಕ್ಕ ಹೊಂಟಾನ ನೋಡ್ರಿ. ನೀವು ಒಂದ ಮಾತ ಹೇಳಿದರ ಕೇಳ್ತಾನ."

ಮುರಿಗೆಪ್ಪ ಹಿಂದೆ ತಿರುಗಿ ನೋಡಿದ, ಆ ಹೆಸರಿನವರು ಬೇರೆ ಯಾರಾದರೂ ಇದ್ದಾರೇನೋ ಎಂದು. ಹಿತ್ತಾಳೆ ಫಲಕ ಹೊಳೆಯತೊಡಗಿದಂದಿನಿಂದ ಅವನ ಹೆಸರಿನ ಮುಂದೆ ಯಾರೂ 'ನೋರು' ಹಚ್ಚಿರಲಿಲ್ಲ. ಉಣ್ಣುತ್ತಿದ್ದವರೆಲ್ಲ ತುತ್ತು ಹಿಡಿದುಕೊಂಡು ಅವನನ್ನೇ ನೋಡುತ್ತಿದ್ದರು. ಹೋಗದೆ ಇರುವುದು ಹೇಗೆ? ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಹೊರಟ. ನಾನು ಅರಿವೆ ಅರ್ಧಕ್ಕೆ ಬಿಟ್ಟು ಮಾಳಿಗೆಗೆ ಓಡಿದೆ.

ಯಮನೂರಪ್ಪ ಬಾಳೆಹಣ್ಣಿನ ಸಗಟು ವ್ಯಾಪಾರಿ, ಕತ್ತಿ ಓಣಿಯವನು, ಮೀಸೆ ಬಿಟ್ಟವರಲ್ಲಿ ಮೊದಲಿಗ. ಹೆಗಲ ಮೇಲೆ ದಿಂಡು ಹೊತ್ತು, ಇನ್ನೇನು ಬೀಸಿ ಒಗೆಯಬೇಕು ಅನ್ನುವಾಗ ಮುರಿಗೆಪ್ಪ ಹೋಗಿ ಎದುರು ನಿಂತ. ಬೈಗುಳ ನಾಲಗೆಯ ತುದಿಗೆ ಬಂದಿತ್ತು. ಆದರೆ ಬೆನ್ನ ಹಿಂದೆ ಅವನದೇ ಪೈಪು ತಟಕ್ ತಟಕ್ ಎಂದು ತೊಟ್ಟಿಕ್ಕುವುದು ಕೇಳಿಸಿತು. ಕಸ ಯಾಕೆ ಒಗೆಯುತ್ತೀ ಎಂದು ಕೇಳಿದರೆ ಏನು ಉತ್ತರ ಬರುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೈಗುಳ ನುಂಗಿದ. ನುಂಗಿದ ಮೇಲೆ ಏನಾದರೂ ಆಡಬೇಕಲ್ಲ, ಬಾಯಿಗೆ ಬಂದದ್ದನ್ನು ಆಡಿದ.

"ನೋಡೋ ಯಮನೂರಪ್ಪ, ಯಾರೋ ದಿಂಡು ತಂದು ಒಗದ ಹೋಗ್ಯಾರ. ನಿಂದಲ್ಲ ಅಂತ ನನಗ ಗೊತ್ತೈತಿ. ನಿಮ್ಮಪ್ಪ ಇದ ಹಳ್ಳದಾಗ ಎತ್ತಿನ ಮೈ ತೊಳೀತಿದ್ದ. ನಿಮ್ಮ ಮನಿತನದವರು ಅಂಥಾ ಕೆಲಸ ಮಾಡೂ ಪೈಕಿ ಅಲ್ಲ."

ಯಮನೂರಪ್ಪ ತನ್ನ ಹೆಗಲ ಮೇಲಿನ ದಿಂಡನ್ನು ನೋಡಿಕೊಂಡ. ಅದು ಅಲ್ಲಿಗೆ ಹೇಗೆ ಬಂತೋ ಎಂಬಂತೆ ನೋಡಿಕೊಂಡ. ಆಮೇಲೆ ಮೀಸೆ ತೀಡಿ, ಅಲ್ರಿ, ನಾವು ಅಂಥವರಲ್ರಿ, ಯಾರೋ ಕತ್ತಿಗೋಳು ಒಗದಾವ, ನಾ ಇದನ್ನ ನಮ್ಮ ಆಡಿಗೆ ಹಾಕಾಕ ಒಯ್ಯಾಕತ್ತಿದ್ದೆ ಎಂದ. ಅವನ ಮನೆಯಲ್ಲಿ ಆಡು ಇರಲಿಲ್ಲ. ದಿಂಡನ್ನು ತಿರುಗಿ ಹೊತ್ತುಕೊಂಡು ಹೋದ. ಮರುದಿನ ಸಂತೆಯಿಂದ ಒಂದು ಆಡು ಹಿಡಿದುಕೊಂಡು ಬಂದ, ಆಡಿದ ಮಾತು ಉಳಿಯಬೇಕಲ್ಲ.

ಮುರಿಗೆಪ್ಪ ಗೆದ್ದವನಂತೆ ಮನೆಗೆ ಬಂದ. ಆ ಸಂಜೆ ಎಂದಿನಂತೆ ಕರಿದ ಎಣ್ಣೆಯ ಬಾಣಲೆ ಹಿಡಿದು ಹಿಂಬಾಗಿಲಿಗೆ ಬಂದರೆ ತೋಟವ್ವ ಗೋಡೆಯ ಕಡೆ ಮುಖ ಮಾಡಿ ಕೂತಳು. ಏನಾಯಿತೆಂದು ಕೇಳಿದ.

"ನೀ ಚೆಲ್ಲಪಾ, ಚೆಲ್ಲು. ಹಳ್ಳದ ಮುರಿಗೆಪ್ಪ ಹಳ್ಳಕ್ಕ ಚೆಲ್ಲೂದು ನನ್ನ ಕಣ್ಣಲೆ ನೋಡಬಾರದು ಅಂತ ಈ ಕಡೆ ತಿರುಗೀನಿ."

ಅವನಿಗೆ ಆಗಲೇ ಗೊತ್ತಾದದ್ದು, ಈ ಹೆಸರು ಎಲ್ಲಿಂದ ಹೊರಟಿತೆಂದು. ಊರಿಗೆಲ್ಲ ಯಾಕೆ ಸುಳ್ಳು ಹೇಳುತ್ತೀ, ನಾನು ಯಾವಾಗ ಹಳ್ಳ ಕಾಯ್ದೆ ಎಂದು ರೇಗಿದ. ತೋಟವ್ವ ಗೋಡೆಗೇ ಉತ್ತರ ಕೊಟ್ಟಳು.

"ಸುಳ್ಳಲ್ಲೋ. ಖರೇದನ್ನ ಸ್ವಲ್ಪ ಮುಂಚೇಕ ಹೇಳೀನಿ."

ಮುರಿಗೆಪ್ಪ ಬಾಣಲೆ ಹಿಡಿದು ನಿಂತೇ ಇದ್ದ. ಚೆಲ್ಲಬಹುದಿತ್ತು, ತಡೆಯುವವರು ಯಾರೂ ಇರಲಿಲ್ಲ. ಆದರೆ ಮಧ್ಯಾಹ್ನ ಅಷ್ಟು ಜನ ತುತ್ತು ಹಿಡಿದುಕೊಂಡು ನೋಡಿದ್ದು ಅವನಿಗೆ ಮರೆಯಲಾಗಲಿಲ್ಲ. ಕೊನೆಗೆ ಬಾಣಲೆಯನ್ನು ಒಳಗೆ ಒಯ್ದಿಟ್ಟ. ತಣ್ಣಗಾದ ಎಣ್ಣೆಯನ್ನು ಏನು ಮಾಡಬೇಕೆಂದು ಗೊತ್ತಾಗದೆ ಡಬ್ಬಕ್ಕೆ ತುಂಬಿದ, ಮುಂದೆ ಬಟ್ಟೆ ಒಗೆಯುವ ಸಬಕಾರ ಮಾಡುವವರು ಬಂದು ಕೇಳಿ ಒಯ್ಯತೊಡಗಿದರು. ಮುಸುರೆ ಕಾಶವ್ವನ ಎಮ್ಮೆಗಳಿಗೆ ಹೋಯಿತು, ಆಕೆಯ ಮೊಸರು ಚಾಕು ಹಾಕಿ ಕೊಯ್ಯುವಷ್ಟು ಗಟ್ಟಿಯಾಯಿತು. ಪೈಪು ಕಿತ್ತು ಹಿತ್ತಿಲ ಕೆಸುವಿನ ಮಡಿಗೆ ತಿರುಗಿಸಿದ. ಇದೆಲ್ಲ ಒಳ್ಳೆಯತನದಿಂದ ಮಾಡಿದನೆಂದು ನಾನು ಹೇಳಲಾರೆ. ಮಾಡುವಾಗ ಇಡೀ ಹೊತ್ತು ಗೊಣಗುತ್ತಿದ್ದ.

ಗೊಣಗಾಟ ಕಡಿಮೆಯಾದದ್ದು ಅವನಿಗೆ ಯಮನೂರಪ್ಪನೆದುರು ಆಡಿದ, ಹೊಗಳಿ ಕಟ್ಟಿಹಾಕುವ ಆಟದ ರುಚಿ ಹತ್ತಿದ ಮೇಲೆ. ಖಾನಾವಳಿಯಲ್ಲೇ ಅವನು ಸಿಹಿಯನ್ನೂ ಮಾಡಿ ಮಾರುತ್ತಿದ್ದ. ಪಂಚಮಿಗೆ ಉಂಡಿ ಕೊಳ್ಳಲು ಹೋದಾಗ ನಾನು ಕ್ಯಾರಿಬ್ಯಾಗ್ ಕೇಳಿದೆ. ಮುರಿಗೆಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕ. ನಿಮ್ಮಂಥವರು ಬರಿಗೈಯಲ್ಲಿ ಬರುವವರಲ್ಲ, ಎಲ್ಲೋ ಡಬ್ಬಿ ಮರೆತು ಬಂದಿದ್ದೀರಿ ಎಂದ. ನನ್ನ ಹಿಂದೆ ಸಾಲಾಗಿ ಜನ ನಿಂತಿದ್ದರು. ಹೌದಲ್ಲ ಮರೆತೇಬಿಟ್ಟೆ ಎಂದು ಹಣೆ ಬಡಿದುಕೊಂಡು ಮನೆಗೆ ಓಡಿದೆ. ಸತ್ಯ ಹೇಳಬೇಕೆಂದರೆ ಮನೆಯಲ್ಲಿ ಇದ್ದದ್ದು ಅಂಗಿಯ ಗುಂಡಿ ಹಾಕಿಡುವ ಡಬ್ಬಿಯೊಂದೇ. ಅದನ್ನೇ ಸುರುವಿ ಒರೆಸಿ ತಂದೆ. ಆ ರಾತ್ರಿ ಊಟಕ್ಕೆ ಕೂತಾಗ ಉಂಡಿಯ ಸಂಗಡ ಒಂದು ಗುಂಡಿಯನ್ನೂ ಕಡಿದೆ, ಹಲ್ಲು ಇನ್ನೂ ನೋಯುತ್ತದೆ. ಮುಂದಿನ ಹಬ್ಬಕ್ಕೆ ಸ್ಟೀಲಿನ ಡಬ್ಬಿ ತಂದುಕೊಂಡೆ. ಸುಮ್ಮನೆ ಎರಡು ಪೇಡೆಗೆಂದು ಬಂದವರಿಗೆ ಅವನು ಮುತ್ತಲ ಎಲೆಯಲ್ಲಿ ಸುತ್ತಿ ಕೊಡುತ್ತಿದ್ದ. ಹಳ್ಳದವರ ಅಂಗಡಿಯಲ್ಲಿ ಕ್ಯಾರಿಬ್ಯಾಗ್ ಕೇಳಬಾರದು, ನಮ್ಮ ಮರ್ಯಾದೆ ಹೋಗುತ್ತದೆ ಎಂದು ಜನರೇ ಒಬ್ಬರಿಗೊಬ್ಬರು ಹೇಳಿಕೊಳ್ಳತೊಡಗಿದರು. ಕತ್ತಿ ಓಣಿಯ ಹೆಂಗಸರು ಕೂಡ ಹಳ್ಳದ ದಂಡೆಯಲ್ಲಿ ಅವನನ್ನು ಕಂಡರೆ ಬುಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಒಗೆಯದೆ ಮನೆಗೆ ಮರಳುತ್ತಿದ್ದರು. ಯಮನೂರಪ್ಪನ ಬಾಗಿಲಲ್ಲಿ ಕತ್ತಿ ಅಳಿದು 'ಆಡಿನ' ಎಂದು ಮೂಡಿತು. ಅವನು ಮೀಸೆ ಬೋಳಿಸಿದ.

ಮುರಿಗೆಪ್ಪನ ಫಲಕವೂ ಮಸುಕಾಗುತ್ತಾ ಬಂತು. ಮೊದಲು 'ಗ' ಹೋಯಿತು, ಕೆಲವು ದಿನ 'ಟಾರದ' ಎಂದು ಉಳಿದು ಅವನು ರಸ್ತೆ ಗುತ್ತಿಗೆದಾರನಂತೆ ಕಂಡ. ಆಮೇಲೆ ಹಿತ್ತಾಳೆ ಬರೀ ಬಯಲಾಯಿತು. ತುಪ್ಪದ ಹೆಸರು ಮರಳಿ ಬರುವುದು ಗ್ಯಾರಂಟಿ ಎಂದು ಅವನು ಓಣಿಗೆಲ್ಲ ಹೋಳಿಗೆ ಊಟಕ್ಕೆ ಹೇಳಿದ. ಹೊಸ ಧೋತರ ಉಟ್ಟ. ಬೆಳಗಾಗುವ ಮೊದಲೇ ನಾವೆಲ್ಲ ಬಾಗಿಲ ಮುಂದೆ ನೆರೆದೆವು. ಬಿಸಿಲು ಬಿತ್ತು, ಅಕ್ಷರ ಒಂದೊಂದಾಗಿ ಎದ್ದವು.

'ಹಳ್ಳ ಹಿಡಿದ.'

ಹಳ್ಳ ಹಿಡಿಯಿತೆಂದರೆ ಹಾಳಾಯಿತು, ಮುಳುಗಿತು ಎಂದು ಕೂಸಿಗೂ ಗೊತ್ತು. ವ್ಯಾಪಾರ ಹಳ್ಳ ಹಿಡಿಯುತ್ತದೆ, ಸಂಸಾರ ಹಳ್ಳ ಹಿಡಿಯುತ್ತದೆ. ಮುರಿಗೆಪ್ಪ ಮುಂಬಾಗಿಲ ಕಟ್ಟೆಯ ಮೇಲೆ ಕೂತು, ಹೊಸ ಧೋತರದ ಚುಂಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಇಷ್ಟೆಲ್ಲ ಮಾಡಿ ಕೊನೆಗೆ ತಾಯಿಗೆ ಇಂಥ ಹೆಸರು ತಂದೆನಲ್ಲ, ಗಟಾರದ ಅನ್ನುವುದೇ ಇದಕ್ಕಿಂತ ನೆಟ್ಟಗಿತ್ತು ಎಂದು ಅತ್ತ. ಅಷ್ಟು ಗರ್ವದ ಮನುಷ್ಯ ಹಾಗೆ ಅಳುವುದನ್ನು ನೋಡಿ ನನ್ನ ಕಣ್ಣೂ ತುಂಬಿದವು.

ತೋಟವ್ವ ಹಿತ್ತಿಲಿನಿಂದ ಸುತ್ತು ಹಾಕಿಕೊಂಡು ಕೋಲೂರುತ್ತಾ ಬಂದಳು. ಆಕೆಗೆ ಓದು ಬರುವುದಿಲ್ಲ. ಏನು ಬಂದಿದೆ ಎಂದು ನನ್ನನ್ನು ಕೇಳಿದಳು. ಸಣ್ಣ ದನಿಯಲ್ಲಿ ಓದಿದೆ. ಆಕೆ ಮಗನ ತಲೆಯ ಮೇಲೆ ಕೈ ಇಟ್ಟಳು.

"ಯಾಕ ಅಳತೀಯೋ ಹುಚ್ಚಪ್ಪಾ? ಕೈ ಹಿಡಿದಾಂವ ಅಂದರ ಗಂಡ ಅಂತೀರಿ. ಹಳ್ಳ ಹಿಡಿದಾಂವ ಅಂದರ ಹಾಳಾದಾಂವ ಅಂತ ಯಾರ ಹೇಳ್ಯಾರ? ಊರೆಲ್ಲ ಬಿಟ್ಟಿತ್ತು. ನೀ ಹಿಡದಿ."

ಹಾಗೆಂದು, ಆ ಹೆಸರಿನ ಕೆಳಗೇ ತಲೆ ಬಾಗದೆ ಹೊಸ್ತಿಲು ದಾಟಿ ಒಳಗೆ ಹೋದಳು. ಎಷ್ಟೋ ತಿಂಗಳ ಮೇಲೆ ಆಕೆ ತಲೆಬಾಗಿಲಿನಿಂದ ಒಳಹೊಕ್ಕದ್ದು. ಹೋಳಿಗೆಗೆ ತುಪ್ಪ ಹೆಚ್ಚು ಹಾಕಿ ಎಂದು ಒಳಗಿನಿಂದ ಕೂಗಿದ್ದು ನಮಗೆಲ್ಲ ಕೇಳಿಸಿತು. ನಾವೂ ಒಬ್ಬೊಬ್ಬರೇ ಅದೇ ಬಾಗಿಲಿನಿಂದ ಒಳಗೆ ಹೋಗಿ ಎಲೆಯ ಮುಂದೆ ಕೂತೆವು.

ಹೆಸರು ನೆಟ್ಟಗಾದರೂ ತೋಟವ್ವ ಅವಸರ ಮಾಡಲಿಲ್ಲ. ಹಳ್ಳಕ್ಕೆ ಹೊಸ ನೀರು ಬರಲಿ, ಒಂದು ಸಲ ನೋಡಿ ಹೋಗುತ್ತೇನೆ ಎಂದಳು. ಹೊಸ ನೀರು ಬಂತು. ಬೆಳ್ಳಕ್ಕಿ ಬರಲಿ ಎಂದಳು. ಬೆಳ್ಳಕ್ಕಿಯೂ ಬಂದು ತಿರುವಿನಲ್ಲಿ ಒಂಟಿಗಾಲಲ್ಲಿ ನಿಂತಿತು. ಆಮೇಲೆ ಹೇಳಲು ನೆಪ ಉಳಿಯಲಿಲ್ಲವೇನೋ, ಒಂದು ಮುಂಜಾನೆ ಕಟ್ಟೆಯ ಮೇಲೆ ಕೂತಲ್ಲೇ ಕಣ್ಣು ಮುಚ್ಚಿದಳು. ನಾನು ಮಾಳಿಗೆಯಿಂದ ನೋಡುತ್ತಿದ್ದೆ, ಮಲಗಿದಳೆಂದೇ ತಿಳಿದಿದ್ದೆ.

ಇಳಕಲ್ ಸೀರೆ ಉಡಿಸಿ ತಲೆಬಾಗಿಲಿಗೆ ತಂದರು. ದೂರದ ಊರಿನಿಂದ ಬೀಗರೂ ಬಂದಿದ್ದರು, ನಮ್ಮೂರ ರೀತಿ ಗೊತ್ತಿಲ್ಲದ ದೊಡ್ಡ ಮಂದಿ. ಮುರಿಗೆಪ್ಪ ಹೊಸ್ತಿಲ ಬಳಿ ನಿಂತು ತಲೆ ಎತ್ತಿ ನೋಡಿದ. ಅವನು ಹಳೆಯ ನೆನಪಿಗೆ ತುಪ್ಪದ ಎಂದು ಕೂಗಿದ್ದರೂ ಆ ಹೊತ್ತಿನಲ್ಲಿ ನಾವು ಯಾರೂ ಬೇಡ ಅನ್ನುತ್ತಿರಲಿಲ್ಲ. ಅವನು ಎದೆ ತುಂಬ ಉಸಿರು ತುಂಬಿಕೊಂಡು, ಓಣಿ ದಾಟಿ ಹಳ್ಳದ ಆಚೆ ದಂಡೆಗೂ ಮುಟ್ಟುವಂತೆ ಕೂಗಿದ.

"ಹಳ್ಳ ಹಿಡಿದ ತೋಟವ್ವಾ."

ಬೀಗರು ಎರಡೂ ಕಿವಿ ಮುಚ್ಚಿಕೊಂಡರು. ಹೆತ್ತ ತಾಯಿಯನ್ನು ಹೊಸ್ತಿಲಲ್ಲಿ ಇಟ್ಟುಕೊಂಡು ಇಂಥ ಮಾತಾಡುವ ಮಗನನ್ನು ಎಲ್ಲಿಯೂ ಕಂಡಿಲ್ಲವೆಂದು ನನ್ನ ಕಿವಿಯಲ್ಲಿ ಹೇಳಿ, ಇದರ ಅರ್ಥವೇನೆಂದು ಕೇಳಿದರು. ಬಿಡಿಸಿ ಹೇಳುವುದಕ್ಕೆ ನನ್ನ ಬಾಯಿ ಖಾಲಿ ಇರಲಿಲ್ಲ. ಓಣಿಯ ಎಲ್ಲರ ಸಂಗಡ ನಾನೂ ಅದೇ ಹೆಸರನ್ನು ಕೂಗುತ್ತಿದ್ದೆ.